ಲಿಪಿಡ್ ನ್ಯಾನೊಕಣಗಳಿಗೆ ಗಿಡ್ಡ ಎಸ್‌ಇಸಿ ಕಾಲಮ್: ಎರಡು ವರ್ಷಗಳ ಬಳಕೆಯ ನಂತರ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಎಸ್‌ಐಆರ್‌ಎನ್‌ಎ (ಜೀನ್‌ನ ಕೆಲಸ ತಡೆಯುವ ಪುಟ್ಟ ಆರ್‌ಎನ್‌ಎ) ತುಂಬಿದ ಲಿಪಿಡ್ ನ್ಯಾನೊಕಣಗಳನ್ನು, ಅಂದರೆ ಕೊಬ್ಬಿನಂಥ ಅಣುಗಳ ಅತಿಸೂಕ್ಷ್ಮ ಕಣಗಳನ್ನು, ಪರೀಕ್ಷಿಸಲು 4.6 ಮಿ.ಮೀ. ಒಳವ್ಯಾಸದ, 150 ಮಿ.ಮೀ. ಉದ್ದದ ಸೈಜ್ ಎಕ್ಸ್‌ಕ್ಲೂಷನ್ (ಎಸ್‌ಇಸಿ, ಗಾತ್ರದ ಪ್ರಕಾರ ಬೇರ್ಪಡಿಸುವ) ಕಾಲಮ್ಮನ್ನು ಸುಮಾರು ಎರಡು ವರ್ಷಗಳಿಂದ ಬಳಸುತ್ತಿದ್ದೇವೆ. ಹಿಂದೆ ಇದ್ದ 7.8 × 300 ಮಿ.ಮೀ. ಕಾಲಮ್ಮಿನ ಒಳಗಾತ್ರ 14 ಮಿ.ಲೀ.ಗೂ ಹೆಚ್ಚು, ಇದರದ್ದು ಸುಮಾರು 2.5 ಮಿ.ಲೀ. ಮಾತ್ರ. ನಿಮಿಷಕ್ಕೆ 0.5 ಮಿ.ಲೀ. ಹರಿವಿನಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ರನ್ ಈಗ 0.3 ಮಿ.ಲೀ. ಹರಿವಿನಲ್ಲೇ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ದುಬಾರಿ ಲಿಪಿಡ್‌ನಿಂದ ಒಮ್ಮೆಗೆ ಚೂರೇ ಚೂರು ತಯಾರಿಸುವ ನಮ್ಮಂಥವರಿಗೆ ಸಮಯಕ್ಕಿಂತ ಸ್ಯಾಂಪಲ್ಲಿನ ಉಳಿತಾಯವೇ ದೊಡ್ಡದು. ಮಳೆಗಾಲದಲ್ಲಿ ಕರೆಂಟ್ ಹೋದರೂ ಹಿಡಿದ ರನ್ ಯುಪಿಎಸ್ ಮೇಲೆಯೇ ಮುಗಿಯುತ್ತದೆ ಎಂಬುದನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಆದರೆ ಕಾಲಮ್ ಒಂದನ್ನೇ ಬದಲಿಸಿದರೆ ಈ ಲಾಭ ಕೈಗೆ ಹತ್ತುವುದಿಲ್ಲ. ಹಳೆಯ ಎಚ್‌ಪಿಎಲ್‌ಸಿಯ (ಕಾಲಮ್ಮಿಗೆ ಒತ್ತಡದಲ್ಲಿ ದ್ರವ ಹರಿಸುವ ಯಂತ್ರದ) ಅಗಲವಾದ ಟ್ಯೂಬಿಂಗ್‌ನಲ್ಲೇ ಪೀಕ್ (ಡಿಟೆಕ್ಟರ್ ದಾಖಲಿಸುವ ಏರು) ಹರಡಿಕೊಂಡು, ಕಣಗಳಿಗೂ ಹೊರಗುಳಿದ ಆರ್‌ಎನ್‌ಎಗೂ ನಡುವಿನ ತಗ್ಗು ತುಂಬಿಹೋಗುತ್ತದೆ. ಸಣ್ಣ ಒಳವ್ಯಾಸದ ಟ್ಯೂಬಿಂಗನ್ನು ಸಾಧ್ಯವಾದಷ್ಟು ಮೊಟಕಾಗಿ ಜೋಡಿಸಿ, ಡಿಟೆಕ್ಟರಿಗೆ ಚಿಕ್ಕ ಫ್ಲೋ ಸೆಲ್ (ದ್ರವ ಹಾದುಹೋಗುವ ಅಳತೆಯ ಕೋಶ) ಹಾಕಿದ ಮೇಲೆಯೇ ಎರಡೂ ಬೇರ್ಪಟ್ಟವು. ಪ್ಯಾಕಿಂಗ್‌ನ, ಅಂದರೆ ಕಾಲಮ್ಮಿನೊಳಗೆ ತುಂಬಿದ ಮಣಿಗಳ, ರಂಧ್ರದ ಅಳತೆಯಲ್ಲೂ ರಾಜಿ ಸಲ್ಲದು: ಪ್ರೋಟೀನಿಗೆ ಒಗ್ಗುವ 300 ಆಂಗ್‌ಸ್ಟ್ರಮ್ ಎಂದರೆ 30 ನ್ಯಾನೊಮೀಟರ್, 80 ನ್ಯಾನೊಮೀಟರಿನ ಕಣ ಅದರೊಳಗೆ ನುಗ್ಗಲಾರದೆ, ಸಣ್ಣದು ದೊಡ್ಡದೆನ್ನದೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಆದ್ದರಿಂದ 1000 ಆಂಗ್‌ಸ್ಟ್ರಮ್ ಅಥವಾ ಅದಕ್ಕೂ ಮೇಲಿನದನ್ನೇ ಕೊಳ್ಳಬೇಕು.

ಹೊಸ ಕಾಲಮ್ ಮೊದಲ ಕೆಲವು ಇಂಜೆಕ್ಷನ್‌ಗಳನ್ನು (ಒಳಗೆ ಹಾಕಿದ ಸ್ಯಾಂಪಲ್‌ಗಳನ್ನು) ನುಂಗಿಬಿಡುತ್ತದೆ. ಪೀಕಿನ ಏರಿಯಾ ಒಂದೇ ಸಮನಾಗುವವರೆಗೆ ಬೇಡದ ಬ್ಯಾಚಿನ ಕಣಗಳನ್ನು ಹಾಕುತ್ತಲೇ ಇರಬೇಕು. ಬಫರಿನ ಪಿಎಚ್ ಅನ್ನು 7.4ರಲ್ಲಿ ಇಡುತ್ತೇವೆ, ಏಕೆಂದರೆ ಆಮ್ಲೀಯವಾದರೆ ಲಿಪಿಡ್ ಧನ ಆವೇಶ ಪಡೆದು ಪ್ಯಾಕಿಂಗ್‌ಗೆ ಅಂಟಿಕೊಳ್ಳುತ್ತದೆ. ಕಾಲಮ್ ಕಳಚಿ, ಆ ಜಾಗದಲ್ಲಿ ಯೂನಿಯನ್ (ಎರಡು ಟ್ಯೂಬ್‌ಗಳನ್ನು ಸೇರಿಸುವ ತುಂಡು) ಕೂರಿಸಿ ಅದೇ ಸ್ಯಾಂಪಲ್ ಓಡಿಸಿ, ಎರಡು ಏರಿಯಾಗಳನ್ನು ಹೋಲಿಸಿ ರಿಕವರಿ (ಹಾಕಿದ್ದರಲ್ಲಿ ಎಷ್ಟು ಹೊರಬಂತು ಎಂಬುದನ್ನು) ನೋಡುವುದು ನಮ್ಮಲ್ಲಿ ರೂಢಿ. 260 ನ್ಯಾನೊಮೀಟರಿನ ಯುವಿ ಪೀಕನ್ನು ಆರ್‌ಎನ್‌ಎಯ ಪ್ರಮಾಣವೆಂದು ಓದಿಕೊಳ್ಳಬಾರದು, ಅದರಲ್ಲಿ ಕಣಗಳು ಚದುರಿಸಿದ ಬೆಳಕಿನ ಪಾಲೂ ಸೇರಿರುತ್ತದೆ.

ಕಣಗಳು ಒಂದಕ್ಕೊಂದು ಅಂಟಿಕೊಂಡ ದೊಡ್ಡ ಮುದ್ದೆಗಳ ಮಟ್ಟಿಗೆ ಮಾತ್ರ ಈ ಕಾಲಮ್ಮನ್ನು ನಾನು ನಂಬುವುದಿಲ್ಲ. ಅವು ಫ್ರಿಟ್‌ನಲ್ಲಿಯೇ (ಕಾಲಮ್ಮಿನ ತುದಿಯ ಸೋಸು ತಟ್ಟೆಯಲ್ಲಿ) ಸಿಕ್ಕಿಕೊಂಡರೆ ಕ್ರೊಮ್ಯಾಟೊಗ್ರಾಮ್, ಅಂದರೆ ಪೀಕ್‌ಗಳ ನಕ್ಷೆ, ಇನ್ನಷ್ಟು ಅಚ್ಚುಕಟ್ಟಾಗಿ ಕಾಣುತ್ತದೆ! ಆ ಸಂಶಯ ಬಂದಾಗ ಪ್ಯಾಕಿಂಗ್ ಇಲ್ಲದೆ ಬೇರ್ಪಡಿಸುವ ಫೀಲ್ಡ್ ಫ್ಲೋ ಫ್ರ್ಯಾಕ್ಷನೇಷನ್ ಸೌಲಭ್ಯವಿರುವ ಕಡೆಗೆ ಸ್ಯಾಂಪಲ್ ಕಳುಹಿಸುತ್ತೇವೆ. ದಿನನಿತ್ಯದ ಬ್ಯಾಚ್ ಪರೀಕ್ಷೆಗೆ ಗಿಡ್ಡ ಕಾಲಮ್ಮನ್ನೇ ಮುಂದುವರಿಸಿದ್ದೇವೆ, ಎರಡನೆಯದಕ್ಕೂ ಆರ್ಡರ್ ಹಾಕಿದ್ದೇವೆ.