ಕಡಲ ಕಡೆ ಹೊರಟವರೇ, ರೇಟು ಬರೆಯದ ಮೀನಿಗೆ ಕೈ ಹಾಕಬೇಡಿ

ತುಮಕೂರಿನಿಂದ ಬಿ.ಎಚ್. ರೋಡ್ ಹಿಡಿದು, ಜೋಗ ನೋಡಿಕೊಂಡು, ಹಾಗೇ ಹೊನ್ನಾವರಕ್ಕೆ ಇಳಿದು ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಳೆಗಾಲ ಬಂತೆಂದರೆ ನಮ್ಮ ಕಡೆಯಿಂದ ಎಷ್ಟೋ ಮನೆಯವರು ಈ ದಾರಿಯಲ್ಲೇ ಹೊರಡುತ್ತಾರೆ. ಕಡಲ ತೀರದಲ್ಲಿ ಕಡಿಮೆ ದುಡ್ಡಿಗೆ ಒಳ್ಳೆ ಮೀನೂಟ ಮಾಡಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬೀಚಿಗೆ ಹೋಗುವ ದಾರಿಯ ಕೆಲವು ಹೋಟೆಲಿನವರು ಆ ಆಸೆಯನ್ನೇ ಕಾದು ಕೂತಿರುತ್ತಾರೆ.

ನಾವು ಹೋಗಿದ್ದು ಜುಲೈನಲ್ಲಿ. ಅಮ್ಮ ಶನಿವಾರ ಮೀನು ಮುಟ್ಟುವುದಿಲ್ಲ, ಗೋಕರ್ಣದ ದೇವಸ್ಥಾನದಲ್ಲೇ ಪ್ರಸಾದದ ಊಟ ಮುಗಿಸಿದ್ದರು. ಅಕ್ಕ, ಭಾವ, ಅವರ ಮಗ, ನಾನು ಮಾತ್ರ ಬೀಚ್ ಹತ್ತಿರದ ಒಂದು ಹೋಟೆಲಿಗೆ ಹೋದೆವು. ಹೊರಗೆ ದೊಡ್ಡ ಅಕ್ಷರದಲ್ಲಿ ‘ಮೀನೂಟ 130’ ಅಂತ ಬೋರ್ಡು. ಒಳಗೆ ಮೆನುವಿನಲ್ಲಿ ಫ್ರೈಗಳ ಎದುರು ರೇಟು ಇರಲಿಲ್ಲ. ‘ಸೈಜ್ ಪ್ರಕಾರ’ ಅಂತಷ್ಟೇ ಇತ್ತು.

ಭಾವ ಕೇಳಿದರು, “ಅಂಜಲ್ ಫ್ರೈ ಎಷ್ಟಾಗುತ್ತಪ್ಪಾ?”

“ಅದು ಸೈಜ್ ಮೇಲೆ ಸರ್. ಜಾಸ್ತಿ ಏನಿಲ್ಲ. ಬೆಳಿಗ್ಗೆಯಷ್ಟೇ ಬೋಟಿಂದ ಬಂದದ್ದು, ತರ್ತೇನೆ.”

ಇನ್ನೊಂದು ಸಲ ಕೇಳಿದಾಗಲೂ ಅದೇ ಉತ್ತರ. ಅಷ್ಟರಲ್ಲಿ ಅಡುಗೆಮನೆಗೆ ಆರ್ಡರ್ ಹೋಗಿಯೇ ಬಿಟ್ಟಿತ್ತು.

ಬಿಲ್ಲು ಬಂದಾಗ ನಾಲ್ಕು ಊಟಕ್ಕೆ 520, ಅಂಜಲ್ ಫ್ರೈಗೆ 1,900, ಎರಡು ಬಂಗುಡೆಗೆ 600, ನೀರಿಗೆ 80. ಒಟ್ಟು 3,100. ಅದರ ಮೇಲೆ ಸರ್ವೀಸ್ ಚಾರ್ಜ್ 310. ಅದೂ ಸೇರಿಸಿ ಜಿಎಸ್‌ಟಿ ಅಂತ ಶೇಕಡಾ 18. ಕೊನೆಗೆ 4,024 ರೂಪಾಯಿ. ಎಲ್ಲಾ ಒಂದು ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದದ್ದು. ಜಿಎಸ್‌ಟಿ ನಂಬರೂ ಇಲ್ಲ, ಹೋಟೆಲಿನ ಹೆಸರೂ ಇಲ್ಲ. ಸರ್ವೀಸ್ ಚಾರ್ಜ್ ತೆಗೆಯಿರಿ ಅಂದರೆ “ನಮ್ಮಲ್ಲಿ ಹೀಗೇ” ಅಂದರು. ಪಕ್ಕದಲ್ಲಿ ಇನ್ನಿಬ್ಬರು ಬಂದು ನಿಂತರು. ಮಗು ಜೊತೆಗಿತ್ತು. ಭಾವ ದುಡ್ಡು ಕೊಟ್ಟರು.

ನಮ್ಮೂರ ಮಟನ್ ಅಂಗಡಿಯಲ್ಲಿ ಕೆ.ಜಿ. ರೇಟು ಕೇಳಿ, ತಕ್ಕಡಿ ಮುಳ್ಳು ನೋಡಿ ತಾನೇ ದುಡ್ಡು ಕೊಡೋದು? ಮೀನಿಗೂ ಹಾಗೇ ಮಾಡಿ. ಹಸಿ ಮೀನು ತೋರಿಸಲಿ, ನಿಮ್ಮ ಎದುರಿಗೇ ತೂಗಲಿ, ಇಷ್ಟು ರೂಪಾಯಿ ಅಂತ ಬರೆದುಕೊಡಲಿ, ಆಮೇಲೆ ಒಲೆ ಹಚ್ಚಲಿ. ಒಪ್ಪದಿದ್ದರೆ ಅಲ್ಲಿಂದ ಎದ್ದುಬನ್ನಿ. ನೀರು ಕುಡಿದಿದ್ದರೂ ಪರವಾಗಿಲ್ಲ, ಎದ್ದುಬನ್ನಿ.

“ಬೆಳಿಗ್ಗೆ ಬೋಟಿಂದ ಬಂದದ್ದು” ಅಂದದ್ದೂ ನಂಬುವ ಮಾತಾಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಗೋಕರ್ಣದ ಪಕ್ಕದ ತದಡಿ ಬಂದರಿನಲ್ಲೂ ಆಗ ದೊಡ್ಡ ಬೋಟುಗಳು ಲಂಗರು ಹಾಕಿರುತ್ತವೆ. ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು ಒಂದಿಷ್ಟು ಸಿಗುತ್ತದೆ. ಉಳಿದದ್ದು ಬೇರೆ ಕಡೆಯಿಂದ ಐಸಿನಲ್ಲಿ ಬಂದದ್ದು, ಇಲ್ಲವೇ ಫ್ರೀಜರಿನದು. ಐಸಿನ ಮೀನು ಕೆಟ್ಟದ್ದು ಅಂತಲ್ಲ. ಆ ಐಸು ಮಧ್ಯೆ ಎಲ್ಲಾದರೂ ಕರಗಿತ್ತಾ ಅನ್ನೋದೇ ಪ್ರಶ್ನೆ.

ನಮಗೆ ಆ ಪ್ರಶ್ನೆಯ ಉತ್ತರ ಕುಮಟಾ ದಾರಿಯಲ್ಲಿ ಸಿಕ್ಕಿತು. ಊಟ ಮಾಡುವಾಗಲೇ ಅಕ್ಕ, “ಬಂಗುಡೆ ಯಾಕೋ ನಾಲಿಗೆ ಚುರುಗುಟ್ಟಿಸುತ್ತೆ ಕಣೋ” ಅಂದಿದ್ದಳು. ಮಸಾಲೆಯ ಖಾರ ಅಂದುಕೊಂಡೆವು. ಕಾರಿನಲ್ಲಿ ಕೂತು ಸ್ವಲ್ಪ ಹೊತ್ತಿಗೆ ಅವಳ ಮುಖ, ಕುತ್ತಿಗೆ ಎಲ್ಲಾ ಕೆಂಪಾಯಿತು. ತಲೆ ಸಿಡಿತ, ಎದೆ ಢವಢವ, ಮೈಯೆಲ್ಲಾ ತುರಿಕೆ. ಅಮ್ಮ ಹೆದರಿ ಅಳುವುದಕ್ಕೇ ಶುರು ಮಾಡಿದರು. ಕುಮಟಾದಲ್ಲಿ ಡಾಕ್ಟರು ನೋಡಿ ಮೊದಲು ಕೇಳಿದ್ದೇ “ಬಂಗುಡೆ ತಿಂದಿರಾ?” ಅಂತ.

ಅವರು ಹೇಳಿದ್ದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಂಗುಡೆ, ಬೂತಾಯಿ, ಟ್ಯೂನಾ, ಅಂಜಲ್ ಇಂಥ ಮೀನುಗಳನ್ನು ಹಿಡಿದ ಮೇಲೆ ತಣ್ಣಗೆ ಇಡದಿದ್ದರೆ ಬ್ಯಾಕ್ಟೀರಿಯಾ ಸೇರಿ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಎಷ್ಟು ಹುರಿದರೂ, ಕುದಿಸಿದರೂ, ಮತ್ತೆ ಫ್ರೀಜರಿಗೆ ಹಾಕಿದರೂ ಹೋಗುವುದಿಲ್ಲ. ವಾಸನೆಯೂ ಬರದೇ ಇರಬಹುದು. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮೈಗೆ ಗೊತ್ತಾಗುತ್ತದೆ. ಎಷ್ಟೋ ಜನ ಇದನ್ನು ಮೀನಿನ ಅಲರ್ಜಿ ಅಂತ ತಿಳಿದು ಜೀವನಪೂರ್ತಿ ಮೀನು ಬಿಡುತ್ತಾರಂತೆ. ಇನ್ನೊಂದು ಬಂಗುಡೆ ತಿಂದದ್ದು ನಾನು. ನನಗೆ ಏನೂ ಆಗಲಿಲ್ಲ. ಒಂದೇ ತಟ್ಟೆಯ ಎರಡು ಮೀನಲ್ಲಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಹಾಗಾಗಿ “ಬೇರೆಯವರಿಗೆ ಏನೂ ಆಗಿಲ್ವಲ್ಲ” ಅನ್ನುವ ಹೋಟೆಲಿನವರ ಮಾತಿಗೆ ಬೆಲೆ ಕೊಡಬೇಡಿ. ಔಷಧಿ ಕೊಟ್ಟ ಮೇಲೆ ಅಕ್ಕ ಸಂಜೆಯ ಹೊತ್ತಿಗೆ ಸುಧಾರಿಸಿದಳು. ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ತಟ್ಟೆ ಬಿಡಿ. ಉಸಿರಾಡಲು ಕಷ್ಟವಾದರಂತೂ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ನಾವು ಬಯಲುಸೀಮೆಯವರು. ಕೆರೆ ಮೀನು ಗೊತ್ತು, ಕಡಲ ಮೀನು ಅಷ್ಟು ಗೊತ್ತಿಲ್ಲ. ಹಸಿ ಮೀನು ನೋಡುವಾಗ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೆ ಬರಬೇಕು. ಹಿಸ್ಟಮಿನ್ ಕಣ್ಣಿಗೆ ಕಾಣುವುದಿಲ್ಲ ನಿಜ. ಆದರೆ ಐಸಿಲ್ಲದ ಟ್ರೇಯಲ್ಲಿ ಬಿದ್ದಿರುವ ಮೀನು ಕಣ್ಣಿಗೆ ಕಾಣುತ್ತದೆ ಅಲ್ವಾ?

ಮಾರನೇ ದಿನ ಹೊನ್ನಾವರದಲ್ಲಿ ಬಸ್‌ಸ್ಟ್ಯಾಂಡ್ ಕಡೆಯ ಒಂದು ಸಣ್ಣ ಹೋಟೆಲಲ್ಲಿ ಊಟ ಮಾಡಿದೆವು. ಆಟೋದವರು, ಊರಿನವರು ತುಂಬಿದ್ದರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಕೋಕಂ ಕಡಿ. ಗೋಡೆಯ ಮೇಲೆ ಪ್ರತಿ ಮೀನಿಗೂ ರೇಟು. ಕಡಿಮೆ ದುಡ್ಡಿನ ಒಳ್ಳೆ ಊಟ ಕರಾವಳಿಯಲ್ಲಿ ಖಂಡಿತ ಇದೆ. ಅದು ಬೀಚಿನಿಂದ ಸ್ವಲ್ಪ ದೂರ, ಊರಿನವರು ತಿನ್ನುವ ಜಾಗದಲ್ಲಿದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ತಡವಾದರೆ ಮೀನು ಖಾಲಿ.

ಇನ್ನು ಬಿಲ್ಲಿನ ವಿಷಯ. ಸಾಮಾನ್ಯ ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇಕಡಾ 5 ಮಾತ್ರ. ನಮ್ಮ 3,100ಕ್ಕೆ ಅದು 155 ರೂಪಾಯಿ ಆಗಬೇಕಿತ್ತು. 18 ಇರುವುದು ದುಬಾರಿ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿಗೆ. ಜಿಎಸ್‌ಟಿ ತೆಗೆದುಕೊಂಡರೆ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಯ ನಂಬರು ಇರಲೇಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಸರ್ವೀಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ನಿಮ್ಮಿಷ್ಟ.

ಇಂಥದ್ದು ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೋರ್ಡು, ಮೆನು, ಬಿಲ್ಲು ಮೂರರದ್ದೂ ಫೋಟೊ ತೆಗೆದಿಡಿ. ನಗದು ಕೊಡಬೇಡಿ, ಯುಪಿಐನಲ್ಲೇ ಕೊಡಿ. ಯಾರ ಹೆಸರಿಗೆ ಎಷ್ಟು ದುಡ್ಡು ಹೋಯಿತು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಅದೊಂದು ಸಾಕ್ಷಿ ಉಳಿಯುತ್ತದೆ.