ನಾಲ್ಕು ವರ್ಷದಲ್ಲಿ ಮೂರನೇ ಆಕ್ಸಿಜನ್ ಸೆನ್ಸರ್: ಗ್ಯಾಸ್ ಮೀಟರ್ ಬಳಸಿದ ಅನುಭವ

ಮುಧೋಳದ ಹತ್ತಿರ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಕಾಕಂಬಿ ಟ್ಯಾಂಕು, ಕಾಕಂಬಿಗೆ ಹುದುಗು ಬರಿಸುವ ಫರ್ಮೆಂಟರ್ ತೊಳೆಯಲು ಮಂದಿ ಒಳಗೆ ಇಳಿಯುತ್ತಾರೆ. ಅವರಿಗಿಂತ ಮೊದಲು ಇಳಿಯುವುದು ಆಕ್ಸಿಜನ್, ಹೊತ್ತಿಕೊಳ್ಳುವ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಹೀಗೆ ನಾಲ್ಕು ಗ್ಯಾಸ್ ಅಳೆಯುವ ಈ ಮೀಟರ್. ತಗೊಂಡು ನಾಲ್ಕು ವರ್ಷ ಆಯಿತು. ಮೀಟರ್ ಗಟ್ಟಿಮುಟ್ಟು, ಬ್ಯಾಟರಿ ಇನ್ನೂ ಒಂದು ಪಾಳಿ ಬರುತ್ತದೆ, ಅಲಾರಂ ಬಾಯ್ಲರ್ ಗದ್ದಲದಲ್ಲೂ ಕೇಳುತ್ತದೆ. ನಾನು ಬರೆಯಲು ಕೂತದ್ದು ಅದರೊಳಗಿನ ಆಕ್ಸಿಜನ್ ಸೆನ್ಸರ್ ಬಗ್ಗೆ.

ನಮ್ಮದು ಸೀಸದ ಸೆನ್ಸರ್. ಒಳಹೊಕ್ಕ ಆಕ್ಸಿಜನ್ನಿಗೆ ಸೀಸ ಸವೆಯುತ್ತ ಹೋಗುತ್ತದೆ, ಆಗ ಹುಟ್ಟುವ ಸಣ್ಣ ಕರೆಂಟನ್ನೇ ಮೀಟರ್ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಮೀಟರ್ ಆಫ್ ಮಾಡಿ ಕಪಾಟಿನಲ್ಲಿ ಇಟ್ಟರೂ ಈ ಸವೆತ ನಿಲ್ಲುವುದಿಲ್ಲ. ಆಯುಷ್ಯ ಸುಮಾರು 2 ವರ್ಷ. ನನ್ನ ಮೊದಲನೆಯದು 22 ತಿಂಗಳು ಬಂತು. ಎರಡನೆಯದು 13 ತಿಂಗಳಿಗೇ ಕೈಕೊಟ್ಟಿತು. ತೆಗೆದು ಬುಡದಲ್ಲಿನ ಚೀಟಿ ನೋಡಿದರೆ, ನನಗೆ ಮಾರುವಾಗಲೇ ಅದು ತಯಾರಾಗಿ 9 ತಿಂಗಳಾಗಿತ್ತು! ಬಿಲ್ಲಿನ ತಾರೀಖು ನೋಡಿ ನಂಬಿದ್ದೆ. ಈಗ ತಯಾರಿಕೆಯ ತಿಂಗಳು ಕೇಳದೆ ಆರ್ಡರ್ ಕೊಡುವುದಿಲ್ಲ. ಬೇಸಿಗೆಯಲ್ಲಿ ಜೀಪಿನೊಳಗೆ ಮೀಟರ್ ಬಿಡುವುದನ್ನೂ ನಿಲ್ಲಿಸಿದ್ದೇವೆ; ನಮ್ಮ ಕಡೆಯ ಒಣ ಬಿಸಿಗೆ ಸೆನ್ಸರಿನೊಳಗಿನ ದ್ರವ ಆರುತ್ತದೆ.

ಇದಕ್ಕಿಂತ ದೊಡ್ಡ ಪಾಠ ಕಲಿತದ್ದು ಎರಡನೇ ವರ್ಷದ ಮೇ ತಿಂಗಳಲ್ಲಿ. ಪಾಳಿಯ ಹುಡುಗನೊಬ್ಬ ಫರ್ಮೆಂಟರಿನ ಮ್ಯಾನ್‌ಹೋಲ್ ಬಾಯಲ್ಲೇ ನಿಂತು ತಾಜಾ ಗಾಳಿಯ ಕ್ಯಾಲಿಬ್ರೇಷನ್ ಬಟನ್ ಒತ್ತಿದ್ದ. ಆ ಬಟನ್ ಒತ್ತಿದರೆ ಸುತ್ತಲಿನ ಗಾಳಿಯನ್ನೇ ಮೀಟರ್ ತಾಜಾ ಗಾಳಿ, ಅಂದರೆ ಆಕ್ಸಿಜನ್ ಶೇ 20.9 ಎಂದು ಹಿಡಿಯುತ್ತದೆ; ಅಲ್ಲಿದ್ದ ಆಕ್ಸಿಜನ್ ಕಡಿಮೆಯ ಕೆಟ್ಟ ಗಾಳಿಯನ್ನೂ ಹಾಗೇ ತಿಳಿದುಕೊಂಡಿತು. ಅಂಗಳಕ್ಕೆ ತಂದಾಗ 22.3 ತೋರಿಸಿದ್ದರಿಂದ ಗೊತ್ತಾಯಿತು. ಯಾರೂ ಇನ್ನೂ ಇಳಿದಿರಲಿಲ್ಲ. ಆ ಸಂಜೆ ನನಗೆ ಊಟ ಸೇರಲಿಲ್ಲ. ಅಂದಿನಿಂದ ಕ್ಯಾಲಿಬ್ರೇಷನ್ ಏನಿದ್ದರೂ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ.

20.9 ಕಂಡ ಮಾತ್ರಕ್ಕೆ ಸೆನ್ಸರ್ ಜೀವಂತ ಎಂದಲ್ಲ. ದಿನಾ ಬೆಳಿಗ್ಗೆ ಉಸಿರು ಬಿಗಿಹಿಡಿದು, ಆಮೇಲೆ ಮೆಲ್ಲಗೆ ಸೆನ್ಸರಿನ ಮೇಲೆ ಬಿಡುತ್ತೇನೆ. ನಾವು ಬಿಡುವ ಉಸಿರಿನಲ್ಲಿ ಆಕ್ಸಿಜನ್ ಶೇ 16ರ ಆಸುಪಾಸು ಇರುತ್ತದೆ, ಅಂಕಿ 19.5ಕ್ಕಿಂತ ಇಳಿದು ಮೀಟರ್ ಕೂಗಬೇಕು. ಹೊಸದಾಗಿದ್ದಾಗ ತಟ್ಟನೆ ಇಳಿದು ತಟ್ಟನೆ ಏರುತ್ತಿತ್ತು. ಸಾಯುವ ಕಾಲಕ್ಕೆ 18.8ಕ್ಕೆ ಹೋಗಿ ಅಲ್ಲೇ ತಡವರಿಸುತ್ತ, ಮೇಲೆ ಬರಲು ಒಂದು ನಿಮಿಷ ತಗೊಂಡಿತು. ಅವತ್ತೇ ಬದಲಿಸಿದೆ. ಸಿಲಿಂಡರಿನಿಂದ ಅಳತೆ ಗೊತ್ತಿರುವ ಗ್ಯಾಸ್ ಬಿಟ್ಟು ಮೀಟರ್ ಕೂಗುತ್ತದೆಯೇ ಎಂದು ನೋಡುವ ಬಂಪ್ ಟೆಸ್ಟ್ ಬಿಡುವಂತಿಲ್ಲ, ಉಸಿರಿನದು ಅದರ ಜೊತೆಗೆ.

ಡಿಸ್ಟಿಲರಿಯವರು ಇನ್ನೊಂದು ಮಾತು ಕೇಳಬೇಕು. ಫರ್ಮೆಂಟರಿನಲ್ಲಿ ತುಂಬುವುದು ಕಾರ್ಬನ್ ಡೈಆಕ್ಸೈಡ್. ಅದು ಶೇ 4 ಆದರೇ ಜೀವಕ್ಕೆ ಅಪಾಯ. ಆದರೆ ಆಕ್ಸಿಜನ್ 19.5ಕ್ಕೆ ಇಳಿಯಬೇಕಾದರೆ ಅದು ಶೇ 6.7ರಷ್ಟು ತುಂಬಿರಬೇಕು. ಅಂದರೆ ಆಕ್ಸಿಜನ್ ಅಲಾರಂ ಕೂಗುವ ಹೊತ್ತಿಗೆ ತಡವಾಗಿರುತ್ತದೆ. ನಾಲ್ಕು ಗ್ಯಾಸಿನ ಈ ಮೀಟರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಲ್ಲ. ನಾವು ಅದಕ್ಕೆ ಬೇರೆ ಇನ್‌ಫ್ರಾರೆಡ್ ಮೀಟರ್ ತರಿಸಿದೆವು. ಕೊಳ್ಳುವಾಗ ಯಾರೂ ಇದನ್ನು ಹೇಳಿರಲಿಲ್ಲ.

ಸತ್ತ ಸೆನ್ಸರನ್ನು ಬಿಚ್ಚಬೇಡಿ, ಕಸಕ್ಕೂ ಹಾಕಬೇಡಿ. ಒಳಗೆ ಸೀಸ, ಚರ್ಮ ಸುಡುವ ಕ್ಷಾರ ಎರಡೂ ಇವೆ. ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.

ಈಗಿನ ಮೂರನೆಯದಕ್ಕೆ 13 ತಿಂಗಳು, ಉಸಿರಿಗೆ ಚುರುಕಾಗಿ ಕೂಗುತ್ತಿದೆ. ತಯಾರಾದ ತಿಂಗಳು, ಹಾಕಿದ ತಿಂಗಳು ಎರಡನ್ನೂ ಮೀಟರಿನ ಬೆನ್ನಿಗೆ ಟೇಪ್ ಅಂಟಿಸಿ ಬರೆದಿಟ್ಟಿದ್ದೇನೆ.