ಮನೆಯ ಹಾರ್ನ್ ಸ್ಪೀಕರ್‌ಗೆ ಸೆಕೆಂಡ್‌ಹ್ಯಾಂಡ್ ಕಂಪ್ರೆಷನ್ ಡ್ರೈವರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಮನೆಯಲ್ಲಿ ಟೂ-ವೇ ಹಾರ್ನ್ ಸ್ಪೀಕರ್ (ತಗ್ಗು ಸ್ವರಗಳಿಗೆ ವೂಫರ್, ಮೇಲಿನ ಸ್ವರಗಳಿಗೆ ಹಾರ್ನ್ ಇರುವಂಥದ್ದು) ಕಟ್ಟಿಕೊಳ್ಳಬೇಕೆಂದಿರುವವರು, ಬಳಸಿದ ಕಂಪ್ರೆಷನ್ ಡ್ರೈವರ್ (ಹಾರ್ನಿನ ಹಿಂದೆ ಕೂತು ಅದಕ್ಕೆ ಧ್ವನಿ ಕೊಡುವ ಘಟಕ) ಜೋಡಿಯೊಂದು ಎದುರಿಗೆ ಬಂದಾಗ, ಎರಡರ ಡಯಾಫ್ರಾಮುಗಳನ್ನೂ (ಕಂಪಿಸಿ ಸದ್ದು ಹುಟ್ಟಿಸುವ ಗುಮ್ಮಟದಾಕಾರದ ತೆಳು ಹಾಳೆಗಳನ್ನೂ) ಕಣ್ಣಾರೆ ನೋಡದೆ ಮತ್ತು ಯಾವ ಆವರ್ತನದಲ್ಲಿ ಎಷ್ಟು ಸದ್ದು ಎಂದು ತೋರಿಸುವ ಎರಡರ ಅಳತೆಯ ರೇಖೆಗಳನ್ನೂ ಒಂದರ ಮೇಲೊಂದಿಟ್ಟು ಹೋಲಿಸದೆ ದಯವಿಟ್ಟು ಹಣ ಕೊಡಬೇಡಿ. ನನಗೆ ಆದ ನಷ್ಟ ಇನ್ನೊಬ್ಬರಿಗೆ ಆಗದಿರಲಿ ಎಂದು ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಕೊಂಡದ್ದು ನಾಲ್ಕು ಇಂಚಿನ ಟೈಟಾನಿಯಂ ಡಯಾಫ್ರಾಮ್ ಮತ್ತು ಎರಡು ಇಂಚಿನ ಗಂಟಲು (ಧ್ವನಿ ಹಾರ್ನಿಗೆ ಹೊರಡುವ ಬಾಯಿ) ಇರುವ ದೊಡ್ಡ ಡ್ರೈವರ್‌ಗಳ ಜೋಡಿ. ಡಯಾಫ್ರಾಮುಗಳು ಕಾರ್ಖಾನೆಯಿಂದ ಬಂದ ಮೂಲದವೇ ಎಂದೂ, ಎಂದೂ ಬಿಚ್ಚಿಲ್ಲವೆಂದೂ ಮಾರಿದವರು ಬರವಣಿಗೆಯಲ್ಲೇ ತಿಳಿಸಿದ್ದರು. ಹಾರ್ನಿಗೆ ಕೂರಿಸಿ ಕೇಳತೊಡಗಿದಾಗ ವಾದ್ಯಸಂಗೀತದಲ್ಲಿ ದೋಷ ಅಷ್ಟಾಗಿ ತೋರಲಿಲ್ಲ. ಆದರೆ ಹೆಣ್ಣುದನಿಯ ಹಾಡು ಬಂದೊಡನೆ ಪ್ರತಿಯೊಂದು ಸಕಾರ, ಶಕಾರವೂ ನಡುವಿನಿಂದ ಸರಿದು ಎಡಗಡೆಯ ಪೆಟ್ಟಿಗೆಗೆ ಅಂಟಿಕೊಳ್ಳುತ್ತಿತ್ತು. ಗಾಯಕಿ ನಡುವೆ ನಿಂತು ಹಾಡುತ್ತಿದ್ದರೂ ಅವರ ಉಚ್ಚಾರದ ಅಂಚು ಮಾತ್ರ ಪಕ್ಕದಿಂದ ಕೇಳುತ್ತಿತ್ತು. ತಂತಿಗಳನ್ನು ಅದಲು ಬದಲು ಮಾಡಿದೆ, ಡ್ರೈವರ್‌ಗಳನ್ನೇ ಅದಲು ಬದಲು ಮಾಡಿದೆ. ದೋಷ ಡ್ರೈವರ್‌ನ ಜೊತೆಗೇ ಹೋಯಿತು.

ಒಂದೇ ಹಾರ್ನಿಗೆ ಎರಡನ್ನೂ ಸರದಿಯಂತೆ ಕೂರಿಸಿ, ಮೈಕನ್ನು ಜರುಗಿಸದೆ ಅಳೆದಾಗ, ಆರು ಸಾವಿರ ಹರ್ಟ್ಜ್‌ವರೆಗೆ ಎರಡೂ ರೇಖೆಗಳು ಹೆಚ್ಚುಕಡಿಮೆ ಕೂಡಿಯೇ ಸಾಗಿ, ಅಲ್ಲಿಂದ ಮೇಲೆ ಬೇರೆಯಾದವು. ಒಂದರಲ್ಲಿ ಒಂಬತ್ತು ಸಾವಿರದ ಆಸುಪಾಸಿನಲ್ಲಿ ಚೂಪಾದ ಏರು ಇತ್ತು, ಅದರ ಬೆನ್ನಿಗೇ ಆಳವಾದ ತಗ್ಗು. ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಂದರ ಡಯಾಫ್ರಾಮಿನ ಅಂಚಿನಲ್ಲಿ ಒತ್ತಿ ಮೂಡಿಸಿದ ಅಚ್ಚುಕಟ್ಟಾದ ವಿನ್ಯಾಸವಿತ್ತು. ಇನ್ನೊಂದರದು ಬರಿಯ ಉಂಗುರದಂಥ ಮಡಿಕೆ, ಬೆಸುಗೆಯ ಜಾಗದಲ್ಲಿ ಕಂದು ಅಂಟು ಹರಿದು ಒಣಗಿತ್ತು, ಸ್ಕ್ರೂಗಳ ತಲೆಯೂ ಸವೆದಿತ್ತು. ಅದು ಬೇರೆಯವರು ತಯಾರಿಸಿದ ಬದಲಿ ಡಯಾಫ್ರಾಮ್ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು: ಮಲ್ಟಿಮೀಟರ್ ಎರಡಕ್ಕೂ ಒಂದೇ ಓಮ್ ತೋರಿಸಿತ್ತು. ವಾಯ್ಸ್ ಕಾಯಿಲ್ (ಡಯಾಫ್ರಾಮನ್ನು ಅಲುಗಿಸುವ ತಂತಿಸುರುಳಿ) ತುಂಡಾಗಿದೆಯೇ ಎಂಬುದನ್ನಷ್ಟೇ ಆ ಪರೀಕ್ಷೆ ತಿಳಿಸುತ್ತದೆ. ಡಯಾಫ್ರಾಮಿನ ಮೂಲವನ್ನು ತಿಳಿಸುವುದಿಲ್ಲ. ಡಯಾಫ್ರಾಮಿಗೂ ಅದರ ಮುಂದೆ ಧ್ವನಿಯನ್ನು ಗಂಟಲಿನತ್ತ ಸಾಗಿಸುವ ಸೀಳುಗಳಿರುವ ಫೇಸ್ ಪ್ಲಗ್ ಎಂಬ ತುಂಡಿಗೂ ನಡುವಿನ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆಯಾದ್ದರಿಂದ, ಹಾಳೆಯ ದಪ್ಪ, ಅಂಚಿನ ಬಿಗಿ, ಗುಮ್ಮಟದ ಆಕಾರ ಇವುಗಳಲ್ಲಿನ ಸಣ್ಣ ವ್ಯತ್ಯಾಸವೂ ಮೇಲಿನ ಸ್ವರಗಳಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಚಿತ್ರ ಮತ್ತು ರೇಖೆಗಳನ್ನು ಕಳಿಸಿದಾಗ ಮಾರಿದವರು, ಮುಚ್ಚಳ ಬಿಚ್ಚಿದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಬಿಚ್ಚದೆ ಗೊತ್ತಾಗದ ದೋಷಕ್ಕೆ ಬಿಚ್ಚಿದ್ದನ್ನೇ ನೆಪ ಮಾಡುವುದು ನನ್ನ ದೃಷ್ಟಿಯಲ್ಲಿ ನೇರವಾದ ಅನ್ಯಾಯ. ಆದ್ದರಿಂದ ಡಯಾಫ್ರಾಮಿನ ಚಿತ್ರವನ್ನು ಕೊಳ್ಳುವ ಮೊದಲೇ ಕೇಳಿ. ಮಾರುವವರೇ ಮುಚ್ಚಳ ತೆಗೆದು ತೋರಿಸಲಿ, ಅಥವಾ ನೀವು ತೆಗೆದು ನೋಡಲು ಬರವಣಿಗೆಯಲ್ಲಿ ಒಪ್ಪಲಿ. ತೆಗೆಯುವಾಗ ಜಾಗ್ರತೆ ಬೇಕು, ಏಕೆಂದರೆ ಒಳಗಿನ ಅಯಸ್ಕಾಂತ ಉಕ್ಕಿನ ಸ್ಕ್ರೂಡ್ರೈವರನ್ನು ಕೈಯಿಂದ ಸೆಳೆದು ತೆಳು ಹಾಳೆಯ ಮೇಲೆ ಬಡಿಸಿಬಿಡಬಲ್ಲದು.

ಇಷ್ಟೆಲ್ಲ ಆದ ಮೇಲೆ ಸರಿಯಾಗಿದ್ದ ಡ್ರೈವರನ್ನೇ ಒಂಟಿಯಾಗಿ ಕೇಳಿ ನೋಡಿದೆ. ಅದು ಅಪ್ಪಟ ಮೂಲದ್ದಾಗಿದ್ದರೂ ಮನೆಯ ಟೂ-ವೇ ಸ್ಪೀಕರಿಗೆ ತಕ್ಕದ್ದಲ್ಲ. ಹತ್ತು ಸಾವಿರ ಹರ್ಟ್ಜ್‌ನಲ್ಲಿ ಧ್ವನಿಯ ತರಂಗಾಂತರ ಸುಮಾರು 3.4 ಸೆಂಟಿಮೀಟರ್, ಎರಡು ಇಂಚಿನ ಗಂಟಲು ಐದು ಸೆಂಟಿಮೀಟರಿಗೂ ಹೆಚ್ಚು ಅಗಲ. ಗಂಟಲೇ ತರಂಗಕ್ಕಿಂತ ದೊಡ್ಡದಾದ ಮೇಲೆ ಹಾರ್ನಿನ ಗೋಡೆಗಳಿಗೆ ಧ್ವನಿಯನ್ನು ಹರಡುವ ಹಿಡಿತ ಉಳಿಯುವುದಿಲ್ಲ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಹೋಗುತ್ತವೆ. ಅದರ ಜೊತೆಗೆ ಅಷ್ಟು ದೊಡ್ಡ ಟೈಟಾನಿಯಂ ಗುಮ್ಮಟವು ಮೇಲಿನ ಆವರ್ತನಗಳಲ್ಲಿ ಒಂದೇ ತುಂಡಾಗಿ ಚಲಿಸದೆ ಭಾಗಭಾಗವಾಗಿ ಕಂಪಿಸುತ್ತದೆ. ಇವು ದೊಡ್ಡ ಸಭಾಂಗಣಗಳಲ್ಲಿ, ಅತಿ ಮೇಲಿನ ಸ್ವರಗಳಿಗೆಂದೇ ಇರುವ ಬೇರೆ ಟ್ವೀಟರಿನ ಜೊತೆಗೆ ಒಳ್ಳೆಯ ಕೆಲಸ ಮಾಡುತ್ತವೆ. ಒಂದು ಇಂಚಿನ ಗಂಟಲಿನ ಡ್ರೈವರಿಗೆ ಇದೇ ತೊಂದರೆ ಹದಿಮೂರು ಸಾವಿರ ಹರ್ಟ್ಜ್ ದಾಟಿದ ಮೇಲಷ್ಟೇ ಶುರುವಾಗುತ್ತದೆ.

ಹಾಗೆಂದು ಚಿಕ್ಕದನ್ನು ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಹದಿನೈದು ಇಂಚಿನ ವೂಫರ್ ಒಂದು ಸಾವಿರ ಹರ್ಟ್ಜ್ ಹೊತ್ತಿಗೆ ಧ್ವನಿಯನ್ನು ಕಿರಿದಾಗಿಸತೊಡಗುವುದರಿಂದ ಹಾರ್ನ್ ಅಲ್ಲಿಯೇ ಕೆಲಸವನ್ನು ವಹಿಸಿಕೊಳ್ಳಬೇಕು. ಆದರೆ ಒಂದು ಇಂಚಿನ ಡ್ರೈವರ್‌ಗಳಲ್ಲಿ ಅನೇಕಕ್ಕೆ ತಯಾರಕರು ಸೂಚಿಸುವ ಕೆಳಮಿತಿ ಅದಕ್ಕಿಂತ ಮೇಲಿರುತ್ತದೆ. ಹಾರ್ನಿನೊಳಗಿನ ಗಾಳಿ ಡಯಾಫ್ರಾಮಿಗೆ ಹೊರೆಯಾಗಿ ಎದುರೊತ್ತುತ್ತಿರುವಾಗಲೂ, ಅಷ್ಟೇ ಸದ್ದಿಗೆ ಆವರ್ತನ ಅರ್ಧಕ್ಕಿಳಿದರೆ ಡಯಾಫ್ರಾಮಿನ ಚಲನೆ ಇಮ್ಮಡಿಯಾಗಬೇಕು. ಹಾರ್ನಿನ ಮಿತಿಗಿಂತ ಕೆಳಗೆ ಆ ಹೊರೆ ತಪ್ಪಿದರೆ ಚಲನೆ ಇನ್ನೂ ವೇಗವಾಗಿ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಹನ್ನೆರಡು ಇಂಚಿನ ವೂಫರಿಗೆ ಒಂದು ಇಂಚಿನ ಡ್ರೈವರ್ ಸಾಕು. ಹದಿನೈದು ಇಂಚಿನದಕ್ಕೆ 1.4 ಇಂಚಿನ ಗಂಟಲಿನದು ಒಪ್ಪಬಹುದಾದ ರಾಜಿ. ಮೊದಲು ವೂಫರ್, ಆಮೇಲೆ ಹಾರ್ನ್, ಅವೆರಡೂ ಸೇರಿ ತೀರ್ಮಾನಿಸುವ ಕ್ರಾಸ್‌ಓವರ್ ಆವರ್ತನ (ವೂಫರಿನಿಂದ ಹಾರ್ನಿಗೆ ಕೆಲಸ ದಾಟುವ ಆವರ್ತನ), ಕೊನೆಗೆ ಅದಕ್ಕೆ ಹೊಂದುವ ಡ್ರೈವರ್: ಈ ಕ್ರಮ ಬಿಟ್ಟು ಡ್ರೈವರಿನಿಂದಲೇ ಶುರು ಮಾಡಲು ಮಾರುವವರು ಪುಸಲಾಯಿಸಿದರೆ ಒಪ್ಪಬೇಡಿ.

ಅವರು ಮೊದಲು ಹೇಳುವುದು ವ್ಯಾಟ್ ಲೆಕ್ಕ. ಮನೆಯಲ್ಲಿ ಅದಕ್ಕೆ ಬಹುಮಟ್ಟಿಗೆ ಅರ್ಥವಿಲ್ಲ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 108 ಡೆಸಿಬಲ್ ಕೊಡುವ ಡ್ರೈವರ್ ವ್ಯಾಟಿನ ನೂರರಲ್ಲೊಂದು ಭಾಗಕ್ಕೇ 88 ಡೆಸಿಬಲ್ ಕೊಡುತ್ತದೆ. ಅಷ್ಟು ಕಡಿಮೆ ವ್ಯಾಟಿಗೇ ಜೋರಾಗಿ ಕೇಳಿಸುವ ಆ ಗುಣದಿಂದ ಆಗುವ ಕಿರಿಕಿರಿಯೇ ಹೆಚ್ಚು: ಬೇರೆ ಸ್ಪೀಕರಿನಲ್ಲಿ ಕೇಳಿಸದ ಆಂಪ್ಲಿಫೈಯರಿನ ಹಿಸ್ ಇಲ್ಲಿ ಕುಳಿತ ಜಾಗಕ್ಕೆ ಕೇಳಿಸುತ್ತದೆ. ವೂಫರ್ ಅದೇ ಲೆಕ್ಕದಲ್ಲಿ 96 ಡೆಸಿಬಲ್‌ನದಾದರೆ ಡ್ರೈವರನ್ನು ಹನ್ನೆರಡು ಡೆಸಿಬಲ್ ತಗ್ಗಿಸಬೇಕು. ಎಂಟು ಓಮ್ ಡ್ರೈವರಿಗೆ ಸರಣಿಯಲ್ಲಿ 6 ಓಮ್, ಸಮಾಂತರದಲ್ಲಿ 2.7 ಓಮ್ ರೆಸಿಸ್ಟರ್ ಹಾಕಿದರೆ ಅಷ್ಟಾಗುತ್ತದೆ. ಆದರೆ ಧ್ವನಿಯನ್ನು ಎಲ್ಲ ಆವರ್ತನಗಳಲ್ಲೂ ಒಂದೇ ಕೋನಕ್ಕೆ ಹರಡುವ ಹಾರ್ನ್‌ಗಳಲ್ಲಿ ಮೇಲಿನ ಸ್ವರಗಳು ತಾವಾಗಿಯೇ ಇಳಿಯುವುದರಿಂದ, ಅಲ್ಲಿ ತಗ್ಗಿಸುವ ಪ್ರಮಾಣವನ್ನು ಆವರ್ತನಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾ ಹೋಗಬೇಕಾಗುತ್ತದೆ.

ಕೊಂಡ ಡ್ರೈವರನ್ನು ಪರೀಕ್ಷಿಸುವಾಗ ಹಾರ್ನಿಗೆ ಕೂರಿಸಿಯೇ, ತೀರಾ ಕಡಿಮೆ ಮಟ್ಟದಲ್ಲಿ, ಕ್ರಾಸ್‌ಓವರ್ ಆವರ್ತನದಿಂದ ಮೇಲಕ್ಕೆ ನಿಧಾನವಾಗಿ ಏರುವ ಶುದ್ಧ ಸ್ವರವನ್ನು ಕೊಡಿ; ವಾಯ್ಸ್ ಕಾಯಿಲ್ ಎಲ್ಲಾದರೂ ಉಜ್ಜುತ್ತಿದ್ದರೆ ಸ್ವರದ ಜೊತೆಗೆ ಗರಗರ ಸದ್ದು ಸೇರುತ್ತದೆ. ಡ್ರೈವರಿಗೆ ನೇರವಾಗಿ ಆಂಪ್ಲಿಫೈಯರ್ ಜೋಡಿಸುವವರು ಸರಣಿಯಲ್ಲೊಂದು ಕೆಪ್ಯಾಸಿಟರ್ ಇಡಲೇಬೇಕು. ಎಂಟು ಓಮ್‌ಗೆ 68 ಮೈಕ್ರೋಫ್ಯಾರಡ್ ಇಟ್ಟರೆ ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನದು ತಗ್ಗುತ್ತಾ ಹೋಗುತ್ತದೆ, ಸ್ವಿಚ್ ಹಾಕಿದಾಗಿನ ಧಡ್ ಎಂಬ ಹೊಡೆತದಿಂದ ಡಯಾಫ್ರಾಮಿಗೆ ಆಗಬಹುದಾದ ಹಾನಿಯೂ ಬಹಳ ಮಟ್ಟಿಗೆ ತಪ್ಪುತ್ತದೆ.